ನಡುಗಾಳಿಯ ಲೆಕ್ಕ

ಜನವರಿ 9

ಪ್ರೀತಿಯ ಮಾವನಿಗೆ,

ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಅತ್ತೆಯೇ ಎತ್ತಿದರು. ಮೊದಲ ಸಲ ನೀವು ಸ್ನಾನಕ್ಕೆ ಹೋಗಿದ್ದಿರಿ, ಎರಡನೇ ಸಲ ಮಲಗಿದ್ದಿರಿ. ಮೂರನೇ ಸಲ ಏನು ಹೇಳಬೇಕೆಂದು ಅತ್ತೆ ಯೋಚಿಸುತ್ತಿರುವಾಗಲೇ ಹಿಂದಿನಿಂದ ನಿಮ್ಮ ಕೆಮ್ಮು ಕೇಳಿಸಿತು. ಅಮ್ಮನಿಗೆ ಹೇಳಿದರೆ, "ನನ್ನ ತಮ್ಮ ಚಿಕ್ಕಂದಿನಿಂದ್ಲೂ ಹಾಗೇ. ಮಾತು ಬೇಡ ಅನ್ನಿಸಿದ್ರೆ ಮಂಚದ ಕೆಳಗೆ ಸೇರ್ಕೊಳ್ಳೋನು" ಎಂದಳು. ಅದಕ್ಕೇ ಈ ಕಾಗದ. ಮಂಚದ ಕೆಳಗೂ ಓದಬಹುದು.

ನಿಮ್ಮಿಂದ ಒಂದು ಸಹಾಯ ಬೇಕು. ನನ್ನ ಕೆಲಸ ಏನೆಂದು ನೀವು ಪ್ರತಿ ಸಲ ಕೇಳಿ ಪ್ರತಿ ಸಲ ಮರೆಯುತ್ತೀರಿ, ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ. ಒಂದು ಮನೆಯೊಳಗೆ ಜಗಳ ನಡೆಯುತ್ತಿದೆ ಎಂದುಕೊಳ್ಳಿ. ನಮಗೆ ಒಳಗೆ ಹೋಗುವಂತಿಲ್ಲ. ಮುಂಬಾಗಿಲಿಗೊಂದು ಕಿವಿ, ಹಿಂಬಾಗಿಲಿಗೊಂದು ಕಿವಿ ಇಟ್ಟು, ನಡುಮನೆಯಲ್ಲಿ ಎಷ್ಟು ಪಾತ್ರೆ ಹಾರುತ್ತಿವೆ ಎಂದು ಅಂದಾಜು ಹೇಳಬೇಕು. ಗಾಳಿಯ ವಿಷಯದಲ್ಲಿ ನಾನು ಮಾಡುವುದು ಅದನ್ನೇ. ನಿಮ್ಮ ರೋಪ್‌ವೇಯಲ್ಲಿ ಕೆಳಗಿನ ನಿಲ್ದಾಣದ ಮಾಡಿನ ಮೇಲೊಂದು ಗಾಳಿಮಾಪಕ ಇದೆ, ಮೇಲಿನ ಕಂಬದ ತುದಿಯಲ್ಲಿ ಇನ್ನೊಂದು. ನಡುವೆ ಒಂಬೈನೂರು ಮೀಟರ್ ಬರೀ ಹಗ್ಗ, ಅದರ ಕೆಳಗೆ ಪ್ರಪಾತ. ಕ್ಯಾಬಿನ್‌ಗೆ ಹೊಡೆತ ಬೀಳುವುದು ಆ ನಡುವಿನಲ್ಲಿ. ಅಲ್ಲೇ ಮಾಪಕ ಇಲ್ಲ. ತುದಿಗಳ ಅಂಕಿಗಳಿಂದ ನಡುವಿನ ಗಾಳಿಯನ್ನು ಲೆಕ್ಕ ಹಾಕುವ ಒಂದು ಸೂತ್ರ ಮಾಡುತ್ತಿದ್ದೇನೆ. ಮಾಪಕಗಳ ಆರು ವರ್ಷದ ಅಂಕಿಗಳು ನನ್ನ ಹತ್ತಿರ ಇವೆ.

ಆದರೆ ಸೂತ್ರ ಸರಿಯೋ ತಪ್ಪೋ ಎಂದು ಹೇಳುವವರು ಬೇಕು. ಗಾಳಿ ಕೆಟ್ಟಾಗ ಕ್ಯಾಬಿನ್ ನಿಲ್ಲಿಸುವವರು ನೀವು. ಪ್ರತಿ ಸಲ ನಿಲ್ಲಿಸಿದಾಗಲೂ ನಿಮ್ಮ ಸ್ವಂತ ನೋಟ್‌ಬುಕ್ಕಿನಲ್ಲಿ ಗಂಟೆ, ನಿಮಿಷ, ಕಾರಣ ಬರೆದಿಡುತ್ತೀರೆಂದು ನನಗೆ ಗೊತ್ತು. ಅವುಗಳನ್ನು ಎರಡು ತಿಂಗಳ ಮಟ್ಟಿಗೆ ಕೊಡುತ್ತೀರಾ?

ನಿಮ್ಮ ಅಕ್ಕನ ಮಗಳು


ಜನವರಿ 20

ನನ್ನ ಲೆಕ್ಕದಮ್ಮನಿಗೆ,

ಹದಿನಾಲ್ಕು ನೋಟ್‌ಬುಕ್ ಕಳಿಸಿದ್ದೇನೆ. ಏಳನೆಯದರ ಮೇಲೆ ಎಣ್ಣೆ ಚೆಲ್ಲಿದೆ, ಓದಲು ಬರದಿದ್ದರೆ ಬಿಸಿಲಿಗೆ ಹಿಡಿ. ಹನ್ನೊಂದನೆಯದರ ಕೊನೆಯಲ್ಲಿ ನಿನ್ನ ಅತ್ತೆ ಸ್ವೆಟರ್‌ನ ಅಳತೆ ಬರೆದಿಟ್ಟಿದ್ದಾಳೆ. ಅದನ್ನು ಗಾಳಿಯ ಲೆಕ್ಕಕ್ಕೆ ಸೇರಿಸಿಬಿಡಬೇಡ.

ಫೋನಿನ ವಿಷಯಕ್ಕೆ ಬೇಜಾರು ಮಾಡಿಕೊಳ್ಳಬೇಡ. ಇಡೀ ದಿನ ಮೋಟರಿನ ಪಕ್ಕ ಕೂತು ಬಂದವನಿಗೆ ಮನೆಯಲ್ಲೂ ಕೂಗಾಡುವುದು ಬೇಡ ಅನ್ನಿಸುತ್ತದೆ. ಫೋನಿನ ಪರದೆಯ ಮೇಲೆ ಬರೆಯೋಣವೆಂದರೆ ನನ್ನ ಒಂದು ಬೆರಳಿಗೆ ಎರಡಕ್ಷರ ಬೀಳುತ್ತವೆ. ಕಾಗದವೇ ವಾಸಿ.

ನಾನು ಹೇಗೆ ನಿಲ್ಲಿಸುತ್ತೇನೆ ಎಂದು ಮೂವತ್ತೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ನೀನೂ ಕೇಳಿಲ್ಲ, ಆದರೂ ಹೇಳುತ್ತೇನೆ. ನನ್ನ ಕೋಣೆಯ ಹಿಂದೆ ಆಳೆತ್ತರದ ಗಾಲಿ ಇದೆಯಲ್ಲ, ಎಳೆಯುವ ಹಗ್ಗ ಅದರ ಮೇಲೆ ಹಾಯುವಾಗ ಒಂದು ದನಿ ಬರುತ್ತದೆ. ಹೊಟ್ಟೆ ತುಂಬಿದ ಮುದುಕ ಕೂತಲ್ಲೇ ಹೂಂಗುಟ್ಟಿದ ಹಾಗೆ. ನಡುವೆ ಗಾಳಿ ಕೆಟ್ಟರೆ ಆ ಹೂಂಕಾರದೊಳಗೆ ಒಂದು ಸಣ್ಣ ಕೊಂಕು ಸೇರಿಕೊಳ್ಳುತ್ತದೆ. ಮಾಪಕದ ಮುಳ್ಳು ಅಲ್ಲಾಡುವ ಮೊದಲೇ ಅದು ತಿಳಿಯುತ್ತದೆ. ತಿಳಿದ ಕೂಡಲೇ ಲಿವರ್ ಹಿಂದಕ್ಕೆ. ಅಷ್ಟೇ ನನ್ನ ವಿದ್ಯೆ.

ಇತ್ತೀಚೆಗೆ ಸ್ವಲ್ಪ ಹೆಚ್ಚೇ ನಿಲ್ಲಿಸುತ್ತೇನೆಂದು ಜನ ನನಗೆ 'ಬ್ರೇಕ್ ಮಾವ' ಎಂದು ಹೆಸರಿಟ್ಟಿದ್ದಾರೆ. ಮೇಲಿನ ಆಸ್ಪತ್ರೆಯ ಡಾಕ್ಟರು ಮೊನ್ನೆ ನಲವತ್ತು ನಿಮಿಷ ಕಾದು ಕೂತು, ಇಳಿಯುವಾಗ "ನಡ್ಕೊಂಡು ಬಂದಿದ್ರೆ ಕಾಲಿಗಾದ್ರೂ ಒಳ್ಳೇದಾಗ್ತಿತ್ತು" ಎಂದರು. ಅನ್ನಲಿ. ಈ ಲೆಕ್ಕವೆಲ್ಲ ನೀನು ಬರೆಯುವ ಪುಸ್ತಕಕ್ಕೇ ಇರಬೇಕು; ಅದರಲ್ಲಿ ನನ್ನ ಬಗ್ಗೆ ಬರೆಯುವಾಗ ಇದನ್ನು ಬಿಟ್ಟುಬಿಡು.

ಅಕ್ಕನಿಗೆ ಹೇಳು, ನಾನೀಗ ಮಂಚದ ಕೆಳಗೆ ಹಿಡಿಸುವುದಿಲ್ಲ ಎಂದು.

ಮಾವ


ಫೆಬ್ರವರಿ 26

ಪ್ರೀತಿಯ ಮಾವನಿಗೆ,

ಐದು ವಾರದಿಂದ ನಿಮ್ಮ ಕೈಬರಹದೊಳಗೇ ವಾಸವಾಗಿದ್ದೇನೆ. ನಿಮ್ಮ ಏಳು ಮತ್ತು ಒಂದು ಒಂದೇ ಥರ ಇರುವುದರಿಂದ ನಾಲ್ಕು ದಿನ ದಂಡವಾಯಿತು. ಅದನ್ನು ಕ್ಷಮಿಸಿದ್ದೇನೆ, ಏಕೆಂದರೆ ಉಳಿದದ್ದು ಚಿನ್ನ.

ಹೇಗೆಂದು ಹೇಳುತ್ತೇನೆ. ಗಾಳಿಯ ಸರಾಸರಿ ವೇಗ ಯಾವ ಕ್ಯಾಬಿನ್ನನ್ನೂ ಓಲಾಡಿಸುವುದಿಲ್ಲ; ಅದರ ಚಡಪಡಿಕೆ ಓಲಾಡಿಸುತ್ತದೆ. ಕೆಳಗಿನ ಮಾಪಕ ಗುಡ್ಡದ ಮರೆಯಲ್ಲಿದೆ, ಅದು ಬಹಳ ಸಲ ಏನೂ ಅರಿಯದವರ ಹಾಗೆ ಸುಮ್ಮನಿರುತ್ತದೆ. ಆದರೆ ಬೆಟ್ಟದ ಪೂರ್ವದ ಸೀಳಿನಿಂದ ಗಾಳಿ ನುಗ್ಗಿದಾಗ ಮೇಲಿನ ಕಂಬದ ಮಾಪಕ ಸಣ್ಣಗೆ ನಡುಗಲು ಶುರುಮಾಡುತ್ತದೆ. ಆ ನಡುಕದ ಅಗಲ ಎಷ್ಟು, ಎಷ್ಟು ಸೆಕೆಂಡಿಗೊಮ್ಮೆ ಬರುತ್ತದೆ, ಅದರ ಎಷ್ಟು ಪಾಲು ಕೆಳಗಿನ ಮಾಪಕಕ್ಕೂ ತಲುಪುತ್ತದೆ: ಈ ಮೂರರಿಂದ ನಡುವಿನ ಹೊಡೆತವನ್ನು ಅಂದಾಜು ಮಾಡಿದೆ. ಆಮೇಲೆ ನಿಮ್ಮ ನೋಟ್‌ಬುಕ್ ತೆರೆದೆ. ಆರಂಭದ ನಾಲ್ಕೂವರೆ ವರ್ಷದಲ್ಲಿ ನೀವು ಇನ್ನೂರ ಹನ್ನೆರಡು ಸಲ ನಿಲ್ಲಿಸಿದ್ದೀರಿ. ಅದರಲ್ಲಿ ನೂರ ತೊಂಬತ್ತಾರು ಸಲ ನನ್ನ ಸೂತ್ರವೂ ನಿಲ್ಲಿಸು ಎನ್ನುತ್ತದೆ. ನನ್ನ ಪ್ರೊಫೆಸರ್ ಈ ಪಟ್ಟಿ ನೋಡಿ, "ಈ ಮನುಷ್ಯ ಯಾವ ಉಪಕರಣ ಬಳಸ್ತಾರೆ?" ಎಂದು ಕೇಳಿದರು. ಕಿವಿ ಎಂದೆ. ಕನ್ನಡಕ ತೆಗೆದು ಒರೆಸಿಕೊಂಡರು.

ಉಳಿದವು ಸಣ್ಣಪುಟ್ಟ ವ್ಯತ್ಯಾಸ; ಒಂದೇ ಒಂದು ದಿನ ಮಾತ್ರ ಪೂರ್ತಿ ಕೈಕೊಡುತ್ತಿದೆ. ಹೋದ ವರ್ಷ ಮಾರ್ಚ್ 14, ಸಂಜೆ ನಾಲ್ಕು ಇಪ್ಪತ್ತರ ಸರದಿ. ಆರು ವರ್ಷದಲ್ಲೇ ಅತಿ ದೊಡ್ಡ ಹೊಡೆತ ಆ ಹೊತ್ತಿನಲ್ಲಿತ್ತು ಎಂದು ಸೂತ್ರ ಹೇಳುತ್ತದೆ. ನೀವು ಮಾತ್ರ ನಿಲ್ಲಿಸಿಲ್ಲ. "ಸ್ವಲ್ಪ ಅಲುಗಾಟ" ಎಂದಷ್ಟೇ ಬರೆದಿದ್ದೀರಿ. ಅಂದರೆ ಪೂರ್ವದ ಗಾಳಿಯನ್ನು ಸೂತ್ರ ಇದ್ದುದಕ್ಕಿಂತ ದೊಡ್ಡದು ಮಾಡಿ ಹೇಳುತ್ತಿದೆ. ಎರಡು ವಾರ ತಲೆ ಕೆಡಿಸಿಕೊಂಡು, ಕೊನೆಗೆ ಸೂತ್ರದಲ್ಲಿ ಪೂರ್ವದ ಗಾಳಿಗೆ ಕೊಟ್ಟ ಅಂಕಿಯನ್ನು ಮೂರರಲ್ಲಿ ಒಂದು ಪಾಲು ಇಳಿಸುವುದೆಂದು ತೀರ್ಮಾನಿಸಿದೆ. ಪ್ರೊಫೆಸರ್ ಒಪ್ಪಲಿಲ್ಲ. "ಒಂದು ದಿನಕ್ಕಾಗಿ ಸೂತ್ರ ಬದಲಿಸ್ತೀಯಾ?" ಎಂದರು. ಅಲ್ಲಿ ಕೂತಿದ್ದವರು ನನ್ನ ಮಾವ, ಅವರು ನಿಲ್ಲಿಸಿಲ್ಲವೆಂದರೆ ಅಲ್ಲಿ ಹೊಡೆತ ಇರಲಿಲ್ಲ, ಎಂದು ವಾದಿಸಿ ಗೆದ್ದೆ.

ಏಪ್ರಿಲ್ ಕೊನೆಗೆ ವರದಿ ಮುಗಿಸಬೇಕು. ಆ ದಿನದ ಬಗ್ಗೆ ನಿಮಗೆ ನೆನಪಿರುವುದನ್ನು ಎರಡು ಸಾಲು ಬರೆದರೆ ಅದನ್ನೂ ಸೇರಿಸುತ್ತೇನೆ.

ನಿಮ್ಮ ಅಕ್ಕನ ಮಗಳು


ಏಪ್ರಿಲ್ 2

ಮಾವ,

ಐದು ವಾರವಾಯಿತು. ಅತ್ತೆಗೆ ಫೋನ್ ಮಾಡಿದರೆ "ಬರೀತಾರಮ್ಮ, ಬರೀತಾರೆ" ಎನ್ನುತ್ತಾರೆ, ಆಮೇಲೆ ನನ್ನ ಊಟದ ವಿಚಾರ ತೆಗೆಯುತ್ತಾರೆ.

ನೀವು ಏಕೆ ಸಿಟ್ಟಾಗಿದ್ದೀರಿ ಎಂದು ನನಗೆ ಗೊತ್ತಾಗಿದೆ. ಯಾರೋ ಹೇಳಿರಬೇಕು. ನಾನೇ ಮೊದಲು ಹೇಳಬೇಕಿತ್ತು.

ಈ ಕೆಲಸ ನೀವಂದುಕೊಂಡ ಹಾಗೆ ನನ್ನ ಪುಸ್ತಕಕ್ಕಲ್ಲ. ನಿಮ್ಮ ಕಂಪನಿಯವರೇ ನಮ್ಮ ಪ್ರಯೋಗಾಲಯಕ್ಕೆ ಒಪ್ಪಿಸಿದ್ದು. ಮಾಪಕದ ಅಂಕಿಗಳು ನನಗೆ ಹೇಗೆ ಸಿಕ್ಕವೆಂದು ನೀವು ಕೇಳಲಿಲ್ಲ. ನೀವು ಕೇಳದಿದ್ದುದು ನನಗೆ ಅನುಕೂಲವಾಯಿತು. ಈ ಸೆಪ್ಟೆಂಬರಿನಿಂದ ಕ್ಯಾಬಿನ್ ಯಾವಾಗ ನಿಲ್ಲಬೇಕೆಂದು ಒಂದು ಪರದೆಯ ಮೇಲಿನ ಸಂಖ್ಯೆ ಹೇಳುತ್ತದೆ. ಆಪರೇಟರ್ ಅದನ್ನು ನೋಡಿ ಲಿವರ್ ಎಳೆದರಾಯಿತು. ಆ ಸಂಖ್ಯೆ ಬರುವುದು ನನ್ನ ಸೂತ್ರದಿಂದ. ನಿಮ್ಮ ಮೂವತ್ತೊಂದು ವರ್ಷದ ವಿದ್ಯೆಯನ್ನು ನಿಮ್ಮಿಂದಲೇ ಕೇಳಿ ಪಡೆದು, ಅದನ್ನು ನಿಮ್ಮ ಬದಲಿಗೆ ಕೂರಿಸಲು ಹೊರಟಿದ್ದೇನೆ. ಕಾಗದದಲ್ಲಿ ಬರೆದಾಗ ಇದು ಎಷ್ಟು ಕೆಟ್ಟದಾಗಿ ಕಾಣುತ್ತದೆಂದು ಈಗ ನೋಡುತ್ತಿದ್ದೇನೆ.

ಬೈಯಬೇಕಾದರೆ ಬೈದು ಬರೆಯಿರಿ. ಸುಮ್ಮನಿರಬೇಡಿ.


ಏಪ್ರಿಲ್ 11

ಮಗಳೇ,

ನನಗೆ ಯಾರೂ ಏನೂ ಹೇಳಿರಲಿಲ್ಲ. ನಿನ್ನ ಕಾಗದ ನೋಡಿಯೇ ತಿಳಿದದ್ದು. ಸಿಟ್ಟು ಬಂದಿಲ್ಲ. ಒಂದು ರೀತಿಯಲ್ಲಿ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಏಕೆಂದು ಹೇಳುತ್ತೇನೆ.

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಇದು ಐದನೆಯದು. ನಿನ್ನ ಅತ್ತೆ ಎದುರಿಗೆ ಕೂತಿದ್ದಾಳೆ, ಮುಗಿಯುವವರೆಗೆ ಏಳುವುದಿಲ್ಲವಂತೆ.

ನಿನ್ನ ಸೂತ್ರ ಸರಿ. ಅಂಕಿಯನ್ನು ಇಳಿಸಬೇಡ. ಮಾರ್ಚ್ 14ರಂದು ಹೊಡೆತ ಇತ್ತು. ನನಗೆ ಕೇಳಿಸಲಿಲ್ಲ.

ಎರಡು ವರ್ಷದಿಂದ ಕಿವಿ ಮಂದವಾಗುತ್ತಿದೆ. ಮೊದಲು ಗಡಿಯಾರದ ಟಿಕ್ ಟಿಕ್ ಹೋಯಿತು, ಹಳೆಯ ಗಡಿಯಾರ ಎಂದುಕೊಂಡೆ. ಆಮೇಲೆ ಫೋನಿನಲ್ಲಿ ಮಾತು ಹೋಯಿತು. ಹಗ್ಗದ ದನಿ ಮಾತ್ರ ಕೇಳಿಸುತ್ತಲೇ ಇತ್ತು. ಕೇಳಿಸುತ್ತಿದೆ ಎಂದು ನಾನು ನಂಬಿಕೊಂಡಿದ್ದೆ ಎನ್ನುವುದೇ ಸರಿ. ಮೂವತ್ತು ವರ್ಷ ಕೇಳಿದ ದನಿ ತಲೆಯೊಳಗೇ ಓಡುತ್ತಿರುತ್ತದೆ, ಹೊರಗೆ ನಿಂತದ್ದು ಗೊತ್ತಾಗುವುದಿಲ್ಲ. ಆ ಸಂಜೆ ಕೆಳಗಿನ ಮಾಪಕದ ಮುಳ್ಳು ಬರೀ ಹದಿನೆಂಟು ಕಿಲೋಮೀಟರಿನಲ್ಲಿತ್ತು. ಆಕಾಶ ತಿಳಿಯಾಗಿತ್ತು. ಕ್ಯಾಬಿನ್ ನಡುವಿಗೆ ಹೋದಾಗ ಒಮ್ಮೆ ಕಿಟಕಿಯಿಂದ ನೋಡಿದೆ. ಅದು ಓಲಾಡುತ್ತಿರಲಿಲ್ಲ, ಮಗಳೇ, ಪಕ್ಕಕ್ಕೆ ಮಲಗಿಬಿಟ್ಟಿತ್ತು. ಒಳಗೆ ಒಬ್ಬಳೇ ನರ್ಸ್ ಇದ್ದಳು. ಹಣೆ ಕಂಬಿಗೆ ಬಡಿದು ಮೂರು ಹೊಲಿಗೆ ಬಿತ್ತು. ಯಾರೂ ನನ್ನನ್ನು ಏನೂ ಕೇಳಲಿಲ್ಲ, ಗಾಳಿ ಎಂದರೆ ಗಾಳಿ ಎಂದುಕೊಂಡರು. ನಾನು ಮನೆಗೆ ಬಂದು "ಸ್ವಲ್ಪ ಅಲುಗಾಟ" ಎಂದು ಬರೆದೆ.

ಅಂದಿನಿಂದ ಮುಳ್ಳು ಮೂವತ್ತು ಮುಟ್ಟಿದರೆ ನಿಲ್ಲಿಸುತ್ತೇನೆ. ಇಪ್ಪತ್ತೈದಕ್ಕೂ ನಿಲ್ಲಿಸಿದ್ದೇನೆ. ಬ್ರೇಕ್ ಮಾವ ಎಂಬ ಹೆಸರು ಬಂದದ್ದು ಹಾಗೆ. ಜನವರಿಯಲ್ಲಿ ನಿನಗೆ ಆ ಹೂಂಕಾರ, ಆ ಕೊಂಕು ಎಂದೆಲ್ಲ ಬರೆದೆನಲ್ಲ, ಅದು ಮೊದಲಿನ ಮಾತು. ಬರೆಯುವಾಗ ಇವತ್ತಿನದೇ ಎನ್ನುವ ಹಾಗೆ ಬರೆದೆ. ಚೆನ್ನಾಗಿತ್ತು ಹಾಗೆ ಬರೆಯಲು.

ನೀನು ನನ್ನ ಮೇಲಿನ ನಂಬಿಕೆಯಿಂದ ಪ್ರೊಫೆಸರ ಜತೆ ಜಗಳವಾಡಿ ಗೆದ್ದೆ ಎಂದು ಓದಿದ ರಾತ್ರಿಯೇ ಮೊದಲ ಕಾಗದ ಬರೆದು ಹರಿದೆ. ನಾನು ಬಾಯಿ ಮುಚ್ಚಿಕೊಂಡರೆ ನನ್ನ ಸುಳ್ಳು ನಿನ್ನ ಸೂತ್ರದೊಳಗೆ ಹೋಗಿ ಕೂರುತ್ತದೆ. ನಾನು ಹೋದ ಮೇಲೂ ಅದು ಅಲ್ಲೇ ಇರುತ್ತದೆ.

ಸೋಮವಾರದಿಂದ ಮಂಡಿನೋವು ಎಂದು ರಜೆ ಹಾಕಿದ್ದೇನೆ. ಮಂಡಿ ಚೆನ್ನಾಗಿದೆ.

ಮಾವ


ಏಪ್ರಿಲ್ 17

ಪ್ರೀತಿಯ ಮಾವನಿಗೆ,

ನಿಮ್ಮ ಕಾಗದವನ್ನು ಆಫೀಸಿನಲ್ಲಿ ಓದಿ, ಎದ್ದು ಹೋಗಿ ಮೊದಲು ಆ ಅಂಕಿಯನ್ನು ಹಳೆಯ ಜಾಗಕ್ಕೆ ಏರಿಸಿದೆ. ಆಮೇಲೆ ಪ್ರೊಫೆಸರ ಬಾಗಿಲು ತಟ್ಟಿ, "ನೀವು ಹೇಳಿದ್ದೇ ಸರಿ" ಎಂದೆ. ಏಕೆಂದು ಅವರು ಕೇಳಲಿಲ್ಲ. ಬಹುಶಃ ನನ್ನ ಮುಖ ನೋಡಿ.

ನಾನೂ ಒಂದು ಒಪ್ಪಿಕೊಳ್ಳಬೇಕು. ಫೆಬ್ರವರಿಯ ಕಾಗದದಲ್ಲಿ ಆರಂಭದ ನಾಲ್ಕೂವರೆ ವರ್ಷದ ಲೆಕ್ಕ ಮಾತ್ರ ಹೇಳಿದೆ, ಗಮನಿಸಿದಿರಾ? ಕೊನೆಯ ಒಂದೂವರೆ ವರ್ಷದ್ದು ಬೇರೆ ಥರ ಇತ್ತು. ಮಾರ್ಚ್ 14 ಆದಮೇಲೆ ನೀವು ನಿಲ್ಲಿಸಿದ್ದು ಎರಡರಷ್ಟು, ಆದರೆ ನಡುವಿನ ಗಾಳಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಕೆಳಗಿನ ಮುಳ್ಳನ್ನು ನೋಡಿಕೊಂಡು ಯಾರು ಬೇಕಾದರೂ ನಿಲ್ಲಿಸಬಹುದಾದ ಹಾಗಿತ್ತು. ನನಗೆ ಅದು ಕಂಡಿತ್ತು. ಮಾವನಿಗೆ ವಯಸ್ಸಾಯಿತು, ಹೆದರಿಕೆ ಹೆಚ್ಚಾಗಿದೆ ಎಂದುಕೊಂಡು ಆ ಹಾಳೆಯನ್ನು ಪಕ್ಕಕ್ಕಿಟ್ಟೆ. ನಿಮ್ಮ ಮನಸ್ಸು ನೋಯುತ್ತದೆಂದು ಹೇಳಲಿಲ್ಲ. ಫೋನ್ ಎತ್ತದ ಮಾವ, ಮುಳ್ಳು ನೋಡಿ ನಿಲ್ಲಿಸುವ ಮಾವ. ಎರಡೂ ನನ್ನ ಕಣ್ಣೆದುರಿಗೇ ಇದ್ದವು. ಕೂಡಿಸಲಿಲ್ಲ.

ಈಗ ಮುಖ್ಯ ವಿಷಯ. ಮುಳ್ಳು ನೋಡಿ ನಿಲ್ಲಿಸಿದರೆ ಸಾಲದು ಮಾವ. ಪೂರ್ವದ ಗಾಳಿ ಬಂದಾಗ ಮುಳ್ಳು ಹದಿನೆಂಟರಲ್ಲೇ ಇರುತ್ತದೆ, ನೀವೇ ನೋಡಿದ್ದೀರಿ. ಮಂಡಿ ವಾಸಿಯಾಯಿತೆಂದು ಮತ್ತೆ ಹೋಗಿ ಲಿವರ್ ಹಿಡಿಯಬೇಡಿ. ರಜೆ ಮುಗಿಯುವ ಮೊದಲು ಮ್ಯಾನೇಜರಿಗೆ ಎಲ್ಲ ಹೇಳಿ. ನಾನು ಹೇಳಬಹುದು, ಒಂದು ಫೋನಿನ ಕೆಲಸ. ಆದರೆ ನಿಮ್ಮ ಬಾಯಿಂದ ಬಂದರೆ ಚೆಂದ. ರಜೆ ಮೂವತ್ತಕ್ಕೆ ಮುಗಿಯುತ್ತದೆಂದು ಅತ್ತೆ ಹೇಳಿದರು. ಅಷ್ಟರೊಳಗೆ ಆಗದಿದ್ದರೆ ನಾನೇ ಬರೆಯಬೇಕಾಗುತ್ತದೆ. ನಿಮಗೆ ಹೀಗೆ ಬರೆಯಲು ನನಗೆ ಎಷ್ಟು ಕಷ್ಟವಾಗುತ್ತಿದೆ ಎಂದು ನಿಮಗೆ ಗೊತ್ತು.

ಜೂನ್‌ನಲ್ಲಿ ನಾನು ಬರುತ್ತೇನೆ. ವರದಿಯನ್ನು ಜುಲೈಗೆ ಮುಂದೂಡಿ, ಒಂದು ಕ್ಯಾಬಿನ್ನಿನ ತಳಕ್ಕೇ ಮಾಪಕ ಕಟ್ಟಿ ಮೂರು ವಾರ ಆಚೆ ಈಚೆ ಓಡಿಸೋಣವೆಂದು ಪ್ರೊಫೆಸರನ್ನು ಒಪ್ಪಿಸಿದ್ದೇನೆ. ನಡುಮನೆಯೊಳಗೆ ಒಮ್ಮೆ ಹೋಗಿಯೇ ನೋಡೋಣ.

ನಿಮ್ಮ ಅಕ್ಕನ ಮಗಳು


ಮೇ 6

ನನ್ನ ಲೆಕ್ಕದಮ್ಮನಿಗೆ,

ಇಪ್ಪತ್ತೆಂಟರಂದು ಹೇಳಿದೆ. ಮ್ಯಾನೇಜರ್ ಪೆನ್ಸಿಲ್ ಕೆತ್ತುತ್ತಾ ಕೇಳಿಸಿಕೊಂಡ. ನಾನು ಮುಗಿಸುವ ಹೊತ್ತಿಗೆ ಪೆನ್ಸಿಲ್ ಕಿರುಬೆರಳಷ್ಟಾಗಿತ್ತು.

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ಎಂದ. ಎರಡು ಸಲ ಕೇಳಿದ, ಮೊದಲನೆಯದು ನನಗೆ ತಿಳಿಯಲಿಲ್ಲ.

"ಕೇಳಿಸ್ತಿಲ್ಲ ಅಂತ ಮೊದ್ಲು ನಾನು ಒಪ್ಕೋಬೇಕಿತ್ತಲ್ಲ" ಎಂದೆ.

ಅವತ್ತೇ ಲಿವರ್‌ನಿಂದ ತೆಗೆದ. ತೆಗೆಯದಿದ್ದರೆ ನಾನೇ ಅವನನ್ನು ನಂಬುತ್ತಿರಲಿಲ್ಲ. ಮನೆಗೆ ಕಳಿಸುತ್ತಾನೆಂದು ಎಣಿಸಿದ್ದೆ. ಎರಡು ದಿನ ಬಿಟ್ಟು ಕರೆದು, ಹಗ್ಗ ಮತ್ತು ಗಾಲಿಗಳ ತಪಾಸಣೆ ನೋಡಿಕೊ, ಹೊಸ ಆಪರೇಟರಿಗೆ ಕೆಲಸ ಕಲಿಸು ಎಂದ. ಆ ಮಾರ್ಚ್ 14ರ ವಿಷಯ ಮಾತ್ರ ಲಿಖಿತವಾಗಿ ಕೊಡಬೇಕಂತೆ. ಕೊಟ್ಟೆ. ಈ ಸಲ "ಸ್ವಲ್ಪ" ಎಂಬ ಪದ ಹಾಕಲಿಲ್ಲ.

ಆ ನರ್ಸಿಗೂ ಹೇಳಬೇಕಿತ್ತು. ಒಂದು ವರ್ಷದಿಂದ ಅವಳು ಕ್ಯಾಬಿನ್ ಹತ್ತುವಾಗಲೆಲ್ಲ ನಾನು ಯಾವುದೋ ಸ್ಕ್ರೂ ನೋಡುತ್ತಾ ನಿಲ್ಲುತ್ತಿದ್ದೆ. ಆಸ್ಪತ್ರೆಗೇ ಹೋದೆ. ಬಟ್ಟೆ ಮಡಚುವ ಕೋಣೆಯಲ್ಲಿ ಸಿಕ್ಕಳು. ಹೇಳಿದೆ. ಅವಳು ಮಡಚುತ್ತಿದ್ದ ಚಾದರವನ್ನು ಪೂರ್ತಿ ಮಡಚಿ ಇಟ್ಟು, ನನ್ನ ಎದುರಿಗೆ ಬಂದು ಗಟ್ಟಿಯಾಗಿ ಹೇಳಿದಳು: "ಒಂದು ವರ್ಷದಿಂದ ನೀವು ನನ್ನ ಮುಖಾನೇ ನೋಡ್ತಿರ್ಲಿಲ್ಲ. ನಾನೇ ಕ್ಯಾಬಿನ್ನಲ್ಲಿ ಏನೋ ಮುರಿದುಹಾಕಿದೀನಿ, ಅದಕ್ಕೇ ನಿಮಗೆ ಕೋಪ ಅಂದ್ಕೊಂಡಿದ್ದೆ. ಸಿಟ್ಟು ಬರ್ತಿದೆ ನಂಗೆ ಈಗ. ಹೊಲಿಗೆಗಲ್ಲ, ಅದಕ್ಕೆ." ಸ್ವಲ್ಪ ಹೊತ್ತು ಅವಳು ಒಂದು ತುದಿ, ನಾನು ಒಂದು ತುದಿ ಹಿಡಿದು ಚಾದರ ಮಡಚಿದೆವು. ಹದಿನೈದಿಪ್ಪತ್ತು ಇದ್ದವು. ಮುಗಿದ ಮೇಲೆ ಅವಳೇ ನನ್ನ ಕೈ ಹಿಡಿದು ಕಿವಿಯ ಡಾಕ್ಟರ ಕೋಣೆಗೆ ನಡೆಸಿಕೊಂಡು ಹೋದಳು.

ಕಿವಿಯಂತ್ರ ಹಾಕಿ ಐದು ದಿನವಾಯಿತು. ನಮ್ಮ ಮನೆಯ ಕುರ್ಚಿಗಳು ಇಷ್ಟು ನರಳುತ್ತವೆಂದು ನನಗೆ ಗೊತ್ತಿರಲಿಲ್ಲ. ನಿನ್ನ ಅತ್ತೆ ನನ್ನ ಬೆನ್ನ ಹಿಂದೆ ಎರಡು ವರ್ಷದಿಂದ ಏನೇನು ಗೊಣಗುತ್ತಿದ್ದಳೋ ಅದರ ಮುಂದಿನ ಭಾಗ ಈಗ ಕೇಳಿಸುತ್ತಿದೆ. ನಿನ್ನೆ ಅವಳು ಪಾತ್ರೆ ತೊಳೆಯುತ್ತಾ ಹಾಡಿಕೊಳ್ಳುತ್ತಿದ್ದಳು. ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದೆ. ತಿರುಗಿ ನೋಡಿ, "ಏನು ಬೇಕು?" ಎಂದಳು. ಏನೂ ಬೇಡ ಎಂದೆ.

ಗಾಲಿಯ ಹತ್ತಿರ ಹೋಗಿಯೂ ನೋಡಿದೆ. ಕಿವಿಯಂತ್ರದಲ್ಲಿ ಮೋಟರು, ಹಗ್ಗ, ಗಾಳಿ ಎಲ್ಲ ಒಂದೇ ಗದ್ದಲ. ಆ ದನಿ ಅದರೊಳಗೆ ಎಲ್ಲೋ ಇರಬಹುದು, ನನಗೆ ಸಿಗಲಿಲ್ಲ. ಸ್ವಲ್ಪ ಹೊತ್ತು ಅಲ್ಲೇ ಕೂತಿದ್ದು ಬಂದೆ. ಬೇಜಾರು ಇದೆ. ಇದ್ದರೂ ಇದು ಮುಚ್ಚಿಡಬೇಕಾದ ಬೇಜಾರಲ್ಲ, ಅದೇ ಸಮಾಧಾನ.

ಜೂನ್‌ಗೆ ಬಾ. ನಿನ್ನ ಕೋಣೆಯ ಕಿಟಕಿಗೆ ಹೊಸ ಪರದೆ ಹಾಕಿದ್ದಾಳೆ ಅತ್ತೆ. ನಿನಗೆ ಇಷ್ಟವಾಯಿತೆಂದು ಹೇಳು, ಬಣ್ಣ ಹೇಗಿದ್ದರೂ ಸರಿ.

ಮಾವ


ಜುಲೈ 20

ಪ್ರೀತಿಯ ಮಾವ, ಅತ್ತೆಯವರಿಗೆ,

ಬಂದು ಮೂರು ವಾರವಾದರೂ ನನ್ನ ಬೂಟಿನಿಂದ ನಿಮ್ಮ ಗ್ರೀಸ್ ಹೋಗಿಲ್ಲ. ಕ್ಯಾಬಿನ್ನಿನ ತಳಕ್ಕೆ ಮಾಪಕ ಕಟ್ಟುವಾಗ ಮಾವ ನನ್ನ ಸೊಂಟದ ಹಗ್ಗವನ್ನು ನಾಲ್ಕು ಸಲ ಪರೀಕ್ಷಿಸಿದ್ದನ್ನು ಅಮ್ಮನಿಗೆ ಹೇಳಿದೆ. ನಾಲ್ಕೇ ಸಲವೇ ಎಂದು ಕೇಳಿದಳು.

ಫಲಿತಾಂಶ ಬಂದಿದೆ. ಮೂರು ವಾರದಲ್ಲಿ ನಡುವಿನಲ್ಲಿ ಅಳೆದ ಹೊಡೆತಗಳನ್ನೂ ತುದಿಗಳಿಂದ ಅಂದಾಜು ಮಾಡಿದ ಹೊಡೆತಗಳನ್ನೂ ಪಕ್ಕಪಕ್ಕ ಇಟ್ಟೆ. ಉಳಿದ ದಿಕ್ಕಿನ ಗಾಳಿಗೆ ಎರಡೂ ಚೆನ್ನಾಗಿ ಹೊಂದುತ್ತವೆ. ಪೂರ್ವದ ಗಾಳಿಗೆ ಮಾತ್ರ ನನ್ನ ಅಂದಾಜು ಹತ್ತರಲ್ಲಿ ಒಂದು ಪಾಲು ಕಡಿಮೆ. ಕೇಳಿದಿರಾ, ಕಡಿಮೆ. ಇಳಿಸಬೇಕೆಂದು ನಾನು ಹಟ ಹಿಡಿದಿದ್ದ ಅಂಕಿಯನ್ನು ಏರಿಸಬೇಕಾಗಿತ್ತು. ಫೆಬ್ರವರಿಯಲ್ಲಿ ಇದ್ದ ಹಾಗೆ ವರದಿ ಹೋಗಿದ್ದರೆ, ಮಾರ್ಚ್ 14ರಂಥ ಸಂಜೆಯಲ್ಲಿ ಪರದೆ ಎಲ್ಲರಿಗೂ ಹೋಗಿ ಎನ್ನುತ್ತಿತ್ತು. ತುಂಬಿದ ಕ್ಯಾಬಿನ್ನಿಗೂ. ಅದನ್ನು ಯೋಚಿಸಿ ಒಂದು ಮಧ್ಯಾಹ್ನ ಕೆಲಸ ಮಾಡಲಿಲ್ಲ. ಹೊರಗೆ ಹೋಗಿ ಪಾರ್ಕಿನಲ್ಲಿ ಕೂತಿದ್ದೆ.

ಅಂಕಿ ಸರಿಮಾಡಿ ವರದಿ ಕೊಟ್ಟೆವು. ನಿಮ್ಮ ಹಳೆಯ ನೋಟ್‌ಬುಕ್ಕುಗಳ ಮೇಲೆ ಈ ಹೊಸ ಸಂಖ್ಯೆ ಓಡಿಸಿ ನೋಡಿದೆ: ಹೋದ ವರ್ಷ ನಿಂತದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ನಿಲ್ಲುವ ಅಗತ್ಯವಿರಲಿಲ್ಲ. ಡಾಕ್ಟರಿಗೆ ತಿಳಿಸಿ, ಇನ್ನು ಅವರ ಕಾಲಿಗೆ ವ್ಯಾಯಾಮ ಸಿಗುವುದಿಲ್ಲ ಎಂದು.

ನಿಯಮದಲ್ಲಿ ನಾನೊಂದು ಸಾಲು ಸೇರಿಸಿದ್ದೇನೆ. ಸಂಖ್ಯೆ ನಿಲ್ಲಿಸು ಎಂದರೆ ಆಪರೇಟರ್ ನಿಲ್ಲಿಸಲೇಬೇಕು. ಆದರೆ ಸಂಖ್ಯೆ ಏನೇ ಹೇಳಲಿ, ಆಪರೇಟರಿಗೆ ಬೇಡ ಅನ್ನಿಸಿದರೆ ನಿಲ್ಲಿಸಬಹುದು, ಕಾರಣ ಬರೆಯಬೇಕಾಗಿಲ್ಲ, ಯಾರೂ ಕೇಳುವಂತೆಯೂ ಇಲ್ಲ. ಕಂಪನಿಯವರು ಈ ಸಾಲಿಗೆ ಒಂದು ಗಂಟೆ ತಕರಾರು ಮಾಡಿದರು. ನಾನು ನಿಮ್ಮ ನೂರ ತೊಂಬತ್ತಾರು ಸಲದ ಪಟ್ಟಿಯನ್ನು ಮೇಜಿನ ಮೇಲಿಟ್ಟೆ; ಒಪ್ಪಿದರು.

ಅತ್ತೆ, ಕಿಟಕಿಯ ಪರದೆಯ ಬಣ್ಣ ನಿಜವಾಗಲೂ ಇಷ್ಟವಾಯಿತು.

ನಿಮ್ಮ ಮಗಳು


ಅಕ್ಟೋಬರ್ 4

ನನ್ನ ಲೆಕ್ಕದಮ್ಮನಿಗೆ,

ಮೊನ್ನೆ ಭಾನುವಾರ ಫೋನಿನಲ್ಲಿ ಎಲ್ಲ ಮಾತಾಡಿ ಆಗಿದೆ, ಆದರೂ ಇದನ್ನು ಬರೆದೇ ಹೇಳಬೇಕು ಅನ್ನಿಸಿತು. ಅದಾದ ಮೇಲೆ, ಮಂಗಳವಾರ ನಡೆದದ್ದು.

ಹೊಸ ಆಪರೇಟರ್ ಬಗ್ಗೆ ನಿನಗೆ ಹೇಳಿದ್ದೆನಲ್ಲ. ಹನ್ನೆರಡು ವರ್ಷ ಬಸ್ಸು ಓಡಿಸಿದವಳು, ನಲವತ್ತರ ಹತ್ತಿರದ ಹೆಂಗಸು, ಮಾತು ಕಡಿಮೆ. ಬಂದ ಮೊದಲ ವಾರವೇ ಅವಳ ಒಂದು ಅಭ್ಯಾಸ ನನಗೆ ಹಿಡಿಸಿರಲಿಲ್ಲ. ಲಿವರ್ ಮುಂದೆ ನಿಲ್ಲುವಾಗ ಚಪ್ಪಲಿ ಕಳಚಿ ಮೇಜಿನ ಕೆಳಗೆ ತಳ್ಳುತ್ತಾಳೆ. ಕೆಲಸದ ಜಾಗದಲ್ಲಿ ಇದೇನು ಎಂದು ಗದರಿದೆ. ಹಾಕಿಕೊಂಡಳು, ನಾನು ಆಚೆ ಹೋದ ಕೂಡಲೇ ಮತ್ತೆ ಕಳಚಿದಳು. ಆಮೇಲೆ ಗದರುವುದು ಬಿಟ್ಟೆ.

ಮಂಗಳವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ಇಬ್ಬರೂ ಕೋಣೆಯಲ್ಲಿದ್ದೆವು. ಕ್ಯಾಬಿನ್ನಿನಲ್ಲಿ ಹದಿನೇಳು ಜನ, ಕೆಳಗಿನಿಂದ ಹೊರಟು ಎರಡನೇ ನಿಮಿಷ. ಮುಳ್ಳು ಹದಿನಾರರಲ್ಲಿ. ನಿನ್ನ ಪರದೆಯ ಮೇಲೆ ಹಸಿರು. ಅವಳು ಇದ್ದಕ್ಕಿದ್ದಂತೆ ಲಿವರ್ ಎಳೆದು ನಿಲ್ಲಿಸಿ, ನಿಧಾನವಾಗಿ ಹಿಂದಕ್ಕೆ ತರಲು ಶುರುಮಾಡಿದಳು. ನಾನು ಪರದೆ ನೋಡಿದೆ, ಅವಳನ್ನು ನೋಡಿದೆ. ಕಾರಣ ಕೇಳುವಂತಿಲ್ಲ ಎಂದು ನಿನ್ನ ನಿಯಮ. ಕಿಟಕಿಯ ಹತ್ತಿರ ಹೋಗಿ ನಿಂತೆ. ಕ್ಯಾಬಿನ್ ಇನ್ನೇನು ಗುಡ್ಡದ ಮರೆಗೆ ಬರುತ್ತಿದೆ ಎನ್ನುವಾಗ ಪರದೆ ಕೆಂಪಾಯಿತು. ಆಮೇಲೆ ನಡುವಿನ ಹಗ್ಗ ಹೇಗೆ ಕುಣಿಯಿತೆಂದರೆ, ಇಲ್ಲಿಂದಲೇ ಬರಿಗಣ್ಣಿಗೆ ಕಾಣುತ್ತಿತ್ತು. ಜನ ಇಳಿದು, ಕೆಲವರು ಗೊಣಗುತ್ತಾ, ಕಾಯುವ ಕೋಣೆಗೆ ಹೋದರು. ಅವರಿಗೆ ಏನೂ ಗೊತ್ತಾಗಲಿಲ್ಲ. ಹಾಗೇ ಆಗಬೇಕು.

ಎಲ್ಲ ಮುಗಿದ ಮೇಲೆ ಕೇಳಿದೆ, ನಿಯಮಕ್ಕಲ್ಲ, ನನಗಾಗಿ. "ನಿಂಗೆ ಹೇಗೆ ಗೊತ್ತಾಯ್ತಮ್ಮ? ಹಗ್ಗದ ದನಿ ಬದಲಾಯ್ತಾ?"

"ದನಿ ನಂಗೆ ತಿಳಿಯಲ್ಲ ಸಾರ್, ನೀವು ಎಷ್ಟು ಹೇಳ್ಕೊಟ್ರೂ ಬರ್ಲಿಲ್ಲ" ಎಂದಳು. ಹೇಳಲೋ ಬೇಡವೋ ಎಂಬಂತೆ ನೆಲ ನೋಡಿದಳು. "ಕಾಲಿಗೆ ಗೊತ್ತಾಗತ್ತೆ. ಬಸ್ಸಲ್ಲೂ ಹಂಗೇ, ಟೈರು ಕೆಡೋ ಮೊದ್ಲು ಪಾದಕ್ಕೆ ಬರೋದು. ಇಲ್ಲಿ ಈ ತಗಡಿನ ನೆಲ ಗಾಲಿಯ ಕಂಬಕ್ಕೇ ಸೇರ್ಕೊಂಡಿದೆ ನೋಡಿ. ಗಾಳಿ ಸರಿಯಿದ್ರೆ ಒಂದೇ ಸಮ ಜುಮ್ ಅಂತಿರತ್ತೆ. ಕೆಟ್ಟಾಗ ನಡುನಡುವೆ ತಪ್ಪತ್ತೆ."

ಮೂವತ್ತೊಂದು ವರ್ಷ ನಾನು ಆ ತಗಡಿನ ಮೇಲೆ ದಪ್ಪ ಬೂಟು ಹಾಕಿಕೊಂಡು ನಿಂತಿದ್ದೆ.

ಮಧ್ಯಾಹ್ನ ಗಾಳಿ ಇಳಿಯಿತು. ಮೊದಲ ಸರದಿಯನ್ನು ಖಾಲಿ ಓಡಿಸಿ ನೋಡುವುದು ವಾಡಿಕೆ. ಅವಳು ಲಿವರ್ ಹಿಡಿದಳು. ನಾನು ಕುರ್ಚಿಯಲ್ಲಿ ಕೂತು ಬೂಟಿನ ಲೇಸು ಬಿಚ್ಚಿದೆ, ಕಾಲುಚೀಲ ತೆಗೆದೆ. ಅವಳು ನೋಡಿಯೂ ನೋಡದ ಹಾಗೆ ಸ್ವಲ್ಪ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ತಗಡು ತಣ್ಣಗಿತ್ತು. ಮೊದಲು ಏನೂ ತಿಳಿಯಲಿಲ್ಲ, ಬರೀ ಮೋಟರಿನ ನಡುಕ. "ಹಿಮ್ಮಡಿ ಮೇಲೆ ಭಾರ ಹಾಕ್ಬೇಡಿ ಸಾರ್, ಬೆರಳ ಬುಡಕ್ಕೆ ಹಾಕಿ" ಎಂದಳು. ಹಾಕಿದೆ. ಕ್ಯಾಬಿನ್ ಹೊರಟಿತು, ಗುಡ್ಡದ ಮರೆ ದಾಟಿತು. ಆಗ ಕೆಳಗಿನಿಂದ ಅದು ಬಂತು, ಒಂದೇ ಸಮ, ಸಣ್ಣಗೆ.

"ಬಂತಾ?" ಎಂದಳು.

"ಬಂತು" ಎಂದೆ.

ಕ್ಯಾಬಿನ್ ಮೇಲೆ ಹೋಗಿ ಮುಟ್ಟುವವರೆಗೆ ಇಬ್ಬರೂ ಹಾಗೇ ನಿಂತಿದ್ದೆವು.

ಮಾವ